ಪೆನ್‌ಡ್ರೈವ್ ಮಹಾಶಯರಿಗೆ ಒಂದು ಅಭಿನಂದನಾ ಪತ್ರ

ಮಾನ್ಯ ಪೆನ್‌ಡ್ರೈವ್ ಮಹಾಶಯರೇ,

ಸಾಷ್ಟಾಂಗ ನಮಸ್ಕಾರಗಳು. ಹೆಬ್ಬೆರಳಷ್ಟೂ ಇಲ್ಲದ ತಮಗೆ ಸಾಷ್ಟಾಂಗವೇ ಯಾಕೆಂದರೆ, ಮೇಜಿನಡಿ ಬಿದ್ದ ತಮ್ಮನ್ನು ನಾವು ಹುಡುಕುವುದು ಅದೇ ಭಂಗಿಯಲ್ಲಿ.

ಮೊದಲಿಗೆ ತಮ್ಮ ಏಳಿಗೆಗೆ ಅಭಿನಂದನೆ. 2000ದಲ್ಲಿ ಸಿಂಗಪುರದ ಟ್ರೆಕ್ 2000 ಕಂಪನಿ ತಮ್ಮನ್ನು ಥಂಬ್‌ಡ್ರೈವ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಿಟ್ಟಿತು. ಅದೇ ವರ್ಷದ ಕೊನೆಗೆ ಇಸ್ರೇಲಿನ ಎಂ-ಸಿಸ್ಟಮ್ಸ್ ಮಾಡಿದ್ದನ್ನು ಐಬಿಎಂ ಮಾರತೊಡಗಿತು. ತಮ್ಮನ್ನು ಹುಟ್ಟಿಸಿದವರು ನಾವೇ ಎಂದು ಟ್ರೆಕ್, ಎಂ-ಸಿಸ್ಟಮ್ಸ್ ಇಬ್ಬರೂ ಹೇಳಿಕೊಂಡರು. ಆಗ ತಮ್ಮ ಹೊಟ್ಟೆ 8 ಎಂಬಿ, ಅಂದರೆ ಐದೂವರೆ ಫ್ಲಾಪಿ. ಈಗ ಬೀದಿ ಬದಿಯಲ್ಲಿ ಸಿಗುವ 64 ಜಿಬಿಯವರೊಬ್ಬರು ಸುಮಾರು 43,000 ಫ್ಲಾಪಿಗೆ ಸಮ. ಅಷ್ಟನ್ನೂ ಒಂದರ ಮೇಲೊಂದು ಪೇರಿಸಿದರೆ 140 ಮೀಟರ್ ದಾಟುತ್ತದೆ, ಮುರುಡೇಶ್ವರದ ರಾಜಗೋಪುರದ ಹತ್ತಿರಹತ್ತಿರ ಎರಡರಷ್ಟು. ಅದನ್ನು ಜೇಬಿನಲ್ಲಿಟ್ಟುಕೊಂಡು ಬಸ್ಸು ಹತ್ತುವ ನಾವೇನು ಸಾಮಾನ್ಯರೇ?

ಇನ್ನು ತಾವು ಮನೆಯಿಂದ ಹೊರಗೆ ಹಾಕಿದ ಆ ಬಡ ಫ್ಲಾಪಿಯ ವಿಷಯ. ಡಿಟಿಪಿ ಕೋಣೆಯಲ್ಲಿ ಕೂದಲು ಹಣ್ಣಾದ ನನ್ನಂಥವರಿಗೆ ಅದರ ಗುಣ ಗೊತ್ತು. 1.44 ಎಂಬಿ ಎಂದು ಹೇಳಿಕೊಳ್ಳುತ್ತಿದ್ದ ಅದರಲ್ಲಿ ಒಂದು ಪುಸ್ತಕದ ಪೇಜ್‌ಮೇಕರ್ ಫೈಲು ಚಿತ್ರಸಮೇತ ಹಿಡಿಯುವ ಮಾತೇ ಇರಲಿಲ್ಲ. ಎಆರ್‌ಜೆ ಎಂಬ ತಂತ್ರಾಂಶದಿಂದ ಕತ್ತರಿಸಿ ಐದಾರು ಫ್ಲಾಪಿಗೆ ಹಂಚಬೇಕು. ಜತೆಗೆ ಕನ್ನಡದ ಫಾಂಟನ್ನೂ ಹಾಕಿ ಕಳಿಸಬೇಕು, ಯಾಕೆಂದರೆ ಒಂದು ತಂತ್ರಾಂಶದಲ್ಲಿ ಹೊಡೆದ ಕನ್ನಡ ಇನ್ನೊಂದರಲ್ಲಿ ತೆರೆದರೆ ಚೀನೀಯರಿಗೂ ತಿಳಿಯದ ಚೀನೀ ಆಗುತ್ತಿತ್ತು. ಪ್ರೆಸ್ಸಿನಲ್ಲಿ ಒಂದನೆಯದು ಸರಿ, ಎರಡನೆಯದು ಸರಿ, ಮೂರನೆಯದಕ್ಕೆ ಡ್ರೈವು ಗರಗರ ಅಂದು ಪರದೆಯ ಮೇಲೆ ಆ ಪ್ರಶ್ನೆ: ಅಬಾರ್ಟ್, ರಿಟ್ರೈ, ಫೇಲ್? ಉಳಿದ ಫ್ಲಾಪಿಗಳು ಎಷ್ಟೇ ಗಟ್ಟಿಯಾಗಿರಲಿ, ನಡುವಿನದೊಂದು ಕೈಕೊಟ್ಟರೆ ಪುಸ್ತಕವೇ ಇಲ್ಲ.

ಆದ್ದರಿಂದ ಪ್ರತಿ ಫ್ಲಾಪಿಗೂ ಒಂದು ಜೋಡಿ ಇರುತ್ತಿತ್ತು. ಎಚ್ಚರದವರ ಬಳಿ ಮೂರನೆಯದೂ ಇರುತ್ತಿತ್ತು. ಫ್ಲಾಪಿಯನ್ನು ಯಾರೂ ನಂಬುತ್ತಿರಲಿಲ್ಲ, ಹಾಗಾಗಿ ಅದು ಕೆಟ್ಟರೂ ಬಹಳ ಜನ ಕೆಡಲಿಲ್ಲ. ಆದರೂ ತೀರಾ ಸಂಶಯದ ಪ್ರಾಣಿಗಳಾದ ಅಮೆರಿಕದ ಅಣ್ವಸ್ತ್ರದ ಸೇನಾಧಿಕಾರಿಗಳು ಆಜ್ಞೆ ರವಾನಿಸುವ ವ್ಯವಸ್ಥೆಯೊಂದರಲ್ಲಿ 8 ಇಂಚಿನ ಮುತ್ತಾತ ಫ್ಲಾಪಿಯನ್ನೇ 2019ರವರೆಗೂ ಇಟ್ಟುಕೊಂಡಿದ್ದರು.

ನಡುವೆ ಸಿಡಿ ಬಂತು. 700 ಎಂಬಿ, ನೋಡಲು ಲಕ್ಷಣ. ಬರ್ನ್ ಆಗುವಾಗ ಯಾರೂ ಮೌಸ್ ಮುಟ್ಟಬಾರದು, ಉಸಿರೂ ಮೆಲ್ಲಗೆ. ಮಲೆನಾಡಿನ ಒಂದೆರಡು ಮಳೆಗಾಲ ಕಂಡರೆ ಅದರ ಮೇಲೆ ಬೂಷ್ಟು. ಆದರೆ ಒಮ್ಮೆ ಬರೆದದ್ದನ್ನು ಯಾರೂ ತಿದ್ದಲಾಗದ ಒಂದು ಮೊಂಡುತನ ಅದಕ್ಕಿತ್ತು, ಅದು ನನಗೆ ಹಿಡಿಸಿತ್ತು.

ತಮ್ಮದು ಬೇರೆಯೇ ರೀತಿ. ಸದ್ದಿಲ್ಲ, ಸುತ್ತುವುದಿಲ್ಲ, ಕೆಳಗೆ ಬಿದ್ದರೂ ಬೇಸರವಿಲ್ಲ. ಎಷ್ಟೋ ಸಲ ಪ್ಯಾಂಟಿನ ಜೇಬಿನಲ್ಲೇ ವಾಷಿಂಗ್ ಮಷೀನು ಹೊಕ್ಕು ಜೀವಂತವಾಗಿ ಬಂದಿದ್ದೀರಿ. ಇಷ್ಟು ಸಭ್ಯರನ್ನು ನಂಬದಿರುವುದು ಹೇಗೆ? ನಂಬಿದೆವು. ಐದಾರು ವರ್ಷದ ಪಿಎಚ್‌ಡಿ ಪ್ರಬಂಧವನ್ನು ಸ್ಕೂಟರಿನ ಕೀ ಗೊಂಚಲಿಗೆ ನೇತುಹಾಕಿಕೊಂಡು ಬರುವವರನ್ನು ನಾನು ದಿನವೂ ನೋಡುತ್ತೇನೆ. ಇನ್ನೊಂದು ಪ್ರತಿ ಎಲ್ಲಿದೆ ಎಂದರೆ, "ಇದರಲ್ಲೇ ಇದೆಯಲ್ಲ ಸಾರ್" ಎನ್ನುತ್ತಾರೆ.

ತಮ್ಮ ಅಂತರಂಗವನ್ನು ಅವರಿಗೆ ಹೇಳುವವರು ಯಾರು? ಫ್ಲಾಪಿಯಲ್ಲಿದ್ದದ್ದು ಅಯಸ್ಕಾಂತದ ಗುರುತು. ತಮ್ಮಲ್ಲಿರುವುದು ನಿರೋಧಕದ ಗೋಡೆಯೊಳಗೆ ಕೂಡಿಹಾಕಿದ ಒಂದಿಷ್ಟು ಇಲೆಕ್ಟ್ರಾನ್. ಪ್ರತಿ ಸಲ ಅಳಿಸಿ ಬರೆದಾಗಲೂ ಆ ಗೋಡೆ ತುಸು ಸವೆಯುತ್ತದೆ. ವರ್ಷಗಟ್ಟಲೆ ಬೀರುವಿನಲ್ಲಿ ಕರೆಂಟು ಕಾಣದೆ ಬಿದ್ದರೆ ಒಳಗಿದ್ದವು ಸದ್ದಿಲ್ಲದೆ ಸೋರಲೂಬಹುದು. ಒಳಗಿನ ಕಂಟ್ರೋಲರ್ ಚಿಪ್ ಸತ್ತರಂತೂ ಗರಗರವೂ ಇಲ್ಲ, ನರಳಾಟವೂ ಇಲ್ಲ. ನಿನ್ನೆ ಎಲ್ಲ ಇತ್ತು, ಇವತ್ತು ಏನೂ ಇಲ್ಲ. ಪುಣ್ಯವಿದ್ದರೆ "ಫಾರ್ಮ್ಯಾಟ್ ಮಾಡಲೇ?" ಎಂದು ವಿನಯದಿಂದ ಕೇಳುತ್ತೀರಿ. ಸಾಯುವಾಗಲೂ ಎಂಥ ಶಿಷ್ಟಾಚಾರ!

ತಮ್ಮ ಕುಲದ ನಕಲಿಗಳಿಗೂ ಒಂದು ನಮಸ್ಕಾರ ಸಲ್ಲಬೇಕು. ಹೊರಗೆ 1 ಟಿಬಿ ಎಂಬ ಹೊಳೆಯುವ ಅಕ್ಷರ, ಒಳಗೆ ಅದರ ಕಾಲುಭಾಗವೂ ಇಲ್ಲದ ಚಿಪ್. ಸುಳ್ಳು ಹೇಳುವಂತೆ ಅದಕ್ಕೆ ಮೊದಲೇ ಪಾಠ ಹೇಳಿರುತ್ತಾರೆ. ಜಾಗ ಮುಗಿದ ಮೇಲೂ ಕಾಪಿ ಆಗುತ್ತಲೇ ಇರುತ್ತದೆ, ಫೈಲುಗಳ ಹೆಸರುಗಳೂ ಸಾಲಾಗಿ ಕಾಣುತ್ತವೆ. ತೆರೆದರೆ ಮದುವೆಯ ವಿಡಿಯೊದಲ್ಲಿ ಧಾರೆಯವರೆಗೆ ಇದೆ, ಊಟ ಇಲ್ಲ. 1.44 ಎಂದ ಫ್ಲಾಪಿ ಎಂದೂ ಇಂಥ ಜಂಬ ಕೊಚ್ಚಿರಲಿಲ್ಲ.

ರಾಜಕೀಯದಲ್ಲಂತೂ ತಮ್ಮ ಪ್ರಭಾವಕ್ಕೆ ಸಾಟಿಯಿಲ್ಲ. ಕರ್ನಾಟಕದಲ್ಲಿ ಒಂದು ಕಾಲಕ್ಕೆ "ನನ್ನ ಹತ್ತಿರ ಸಿಡಿ ಇದೆ" ಎಂದರೆ ಸಾಕಿತ್ತು, ಇಡೀ ಪಕ್ಷ ಬೆವರುತ್ತಿತ್ತು. ಲ್ಯಾಪ್‌ಟಾಪುಗಳಲ್ಲಿ ಸಿಡಿ ಹಾಕುವ ಜಾಗವೇ ಮಾಯವಾದ ಮೇಲೂ ಆ ಮಾತು ಬಹುಕಾಲ ಉಳಿದಿತ್ತು. 2023ರಲ್ಲಿ ಮಾಜಿ ಮುಖ್ಯಮಂತ್ರಿಯೊಬ್ಬರು ಜೇಬಿನಿಂದ ತಮ್ಮನ್ನೇ ತೆಗೆದು ಪತ್ರಕರ್ತರಿಗೆ ತೋರಿಸಿದರು. ಒಳಗೇನಿದೆ ಎಂದು ಕ್ಯಾಮೆರಾಗಳಿಗೆ ಕಾಣಲಿಲ್ಲ, ಕಾಣಬೇಕಾಗಿಯೂ ಇರಲಿಲ್ಲ. ಮುಚ್ಚಳ ತೆಗೆಯದೆಯೇ ಇಷ್ಟು ಕೆಲಸ ಮಾಡುವ ಸಂಗ್ರಹ ಸಾಧನ ಇನ್ನೊಂದಿಲ್ಲ.

ಹೊಟ್ಟೆಕಿಚ್ಚು ಪಡಬೇಡಿ, ಟೇಪಿನ ಮಾತೂ ಹೇಳಿಬಿಡುತ್ತೇನೆ. 2011ರ ಫೆಬ್ರವರಿಯಲ್ಲಿ ಒಂದಷ್ಟು ಜಿಮೇಲ್ ಖಾತೆಗಳು ಬರಿದಾದಾಗ ಗೂಗಲ್ ಅವನ್ನು ಮರಳಿ ತಂದದ್ದು ಮ್ಯಾಗ್ನೆಟಿಕ್ ಟೇಪಿನಿಂದ. ಲೋಕದ ಅತಿ ಆಧುನಿಕರೂ ಕಪಾಟಿನಲ್ಲಿ ಅಜ್ಜನನ್ನು ಕೂಡಿಸಿಟ್ಟಿರುತ್ತಾರೆ, ಹೊರಗೆ ಹೇಳುವುದಿಲ್ಲ ಅಷ್ಟೆ.

ಕೊನೆಗೊಂದು ಕೋರಿಕೆ. ಮೂರೂವರೆ ಇಂಚಿನ ಫ್ಲಾಪಿಯ ಮೂಲೆಯಲ್ಲಿ ಉಗುರಿನಿಂದ ಸರಿಸುವ ಪುಟ್ಟ ಪ್ಲಾಸ್ಟಿಕ್ ಲಾಕ್ ಇತ್ತು. ಸರಿಸಿದರೆ ಓದಬಹುದು, ಬರೆಯಲಾಗದು, ವೈರಸ್ಸಿಗೂ ಪ್ರವೇಶವಿಲ್ಲ. ತಮ್ಮಲ್ಲಿ ಬಹುತೇಕರಿಗೆ ಅದಿಲ್ಲ. ಹಾಗಾಗಿ ಜೆರಾಕ್ಸ್ ಅಂಗಡಿಯ ಕಂಪ್ಯೂಟರಿಗೆ ಒಮ್ಮೆ ಚುಚ್ಚಿದರೆ ಅಲ್ಲಿಗೆ ಬಂದುಹೋದವರ ರೋಗವೆಲ್ಲ ತಮಗೆ, ತಮ್ಮಿಂದ ನಮಗೆ. ಆ ಲಾಕ್ ಮರಳಿ ಬರುವಂತೆ ತಮ್ಮ ಮಾಲೀಕರಿಗೆ ಒಂದು ಮಾತು ಹೇಳಿ.

ಹೇಳಿದರೂ ಸರಿ, ಬಿಟ್ಟರೂ ಸರಿ, ನಾಳೆ ಬೆಳಿಗ್ಗೆ ಒಂದು ಲಗ್ನಪತ್ರಿಕೆಯ ಫೈಲು ತಮ್ಮ ಹೊಟ್ಟೆಯಲ್ಲೇ ನನ್ನ ಮೇಜಿಗೆ ಬರುತ್ತಿದೆ. ಬೇರೆ ಪ್ರತಿ ಇಲ್ಲವಂತೆ. ಮುದ್ರಣದ ಪ್ಲೇಟ್ ಆಗುವವರೆಗಾದರೂ ಬದುಕಿರಿ.

ಇಂತಿ ತಮ್ಮ ವಿಧೇಯ,
ಒಬ್ಬ ಹಳೆಯ ಡಿಟಿಪಿ ಆಪರೇಟರ್