ಚತುರಸ್ರರಂಧ್ರ ಮೀಮಾಂಸೆ

ತಿರುಗುವುದೆಲ್ಲ ದುಂಡು ತೂತನ್ನೇ ಕೊರೆಯುತ್ತದೆ, ಇದು ಪೂರ್ವಪಕ್ಷ. ಗಿರಾಕಿಗೆ ಬೇಕಾದದ್ದು ಚೌಕದ ತೂತು. ಇದು ಪರ್ಚೇಸ್ ಆರ್ಡರ್. ಈ ವಿರೋಧದ ಪರಿಹಾರಕ್ಕಾಗಿ ಹುಟ್ಟಿದ ದರ್ಶನವೇ ಬೆಂಗಳೂರಿನ ಪೀಣ್ಯ.

ವೃತ್ತವನ್ನು ಚೌಕ ಮಾಡುವ ಚಪಲ ಹಳೆಯದು. ಬೌಧಾಯನ ಶುಲ್ಬಸೂತ್ರ ಅದಕ್ಕೆ ಅಂದಾಜು ಲೆಕ್ಕ ಹೇಳಿತು. 1882ರಲ್ಲಿ ಜರ್ಮನಿಯ ಲಿಂಡೆಮನ್, ಕೈವಾರ ಮತ್ತು ಪಟ್ಟಿಯಿಂದ ಅದು ಆಗದ ಕೆಲಸವೆಂದು ಸಾಧಿಸಿ ಕೈತೊಳೆದುಕೊಂಡ. ಅವನು ಅರವನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲವೆಂಬುದು ವಿದ್ವಾಂಸರ ಕಣ್ಣಿಗೆ ಬಿದ್ದಿಲ್ಲ. ಪೀಣ್ಯದ ಫಿಟ್ಟರ್ ಹನ್ನೊಂದರ ಟೀಗೆ ಮುಂಚೆ ಅದನ್ನು ಮುಗಿಸಿರುತ್ತಾನೆ.

ವಿಧಿ ಹೀಗಿದೆ. ಪ್ಯಾನೆಲ್ ಬೋರ್ಡಿನ 16 ಗೇಜ್ ತಗಡು. ಮೀಟರಿನ ಮುಖ 96×96 ಮಿ.ಮೀ., ಕಟೌಟ್ 92×92. (ಥಿಯೇಟರಿನ ಮುಂದೆ ಹಾಲಿನ ಅಭಿಷೇಕ ಮಾಡಿಸಿಕೊಳ್ಳುವ ಕಟೌಟ್ ಬೇರೆ ಶಾಸ್ತ್ರಕ್ಕೆ ಸೇರಿದ್ದು.) ಗೆರೆ ಹಾಕಿ, ಗೆರೆಯ ಒಳಮಗ್ಗುಲಿಗೆ ಸೆಂಟರ್ ಪಂಚ್ ಹೊಡೆದು, ಸಾಲಾಗಿ ತೂತು ಕೊರೆದು, ನಡುವಿನ ತುಂಡನ್ನು ಚಿಸಲ್‌ನಿಂದ ಎಬ್ಬಿಸಿದರೆ ಹಲ್ಲುಹಲ್ಲಾದ ಬಾಯಿ ತೆರೆದುಕೊಳ್ಳುತ್ತದೆ. ಆ ಹಲ್ಲುಗಳಿಗೆ ಬಾಸ್ಟರ್ಡ್ ಫೈಲು (ಹೆಸರಿಟ್ಟ ಋಷಿ ಯಾರೋ), ಮೂಲೆಗೆ ಚೌಕದ ಸ್ಮೂತ್ ಫೈಲು. ಒತ್ತುವುದು ಮುಂದಕ್ಕೆ ಹೋಗುವಾಗ ಮಾತ್ರ; ಹಿಂದಕ್ಕೆ ಎಳೆಯುವಾಗ ಒತ್ತಿದರೆ ಅರ ಮೊಂಡಾಗುತ್ತದೆ, ಸೀನಿಯರ್ ಚೂಪಾಗುತ್ತಾರೆ. ಕೊನೆಗೆ ಟ್ರೈಸ್ಕ್ವೇರ್ ಇಟ್ಟು ಬೆಳಕಿಗೆ ಹಿಡಿಯಬೇಕು. ಉಳಿದ ದರ್ಶನಗಳಲ್ಲಿ ಬೆಳಕು ಕಂಡರೆ ಜ್ಞಾನ. ಇಲ್ಲಿ ಬೆಳಕು ಕಂಡರೆ ರೀವರ್ಕ್.

ಇನ್ನು ಮತಭೇದ. ಮೀಟರೂ ತೂತೂ ಒಂದೇ ಆಗಬೇಕೆನ್ನುವವರು ಅದ್ವೈತಿಗಳು. ಸುತ್ತಿಗೆಯೇ ಇವರಿಗೆ ಪ್ರಮಾಣ. ನಡುವಿನ ಕ್ಲಿಯರೆನ್ಸ್ ನಿತ್ಯಸತ್ಯ ಎನ್ನುವವರು ದ್ವೈತಿಗಳು. ಬೇರೆಬೇರೆಯಾದರೂ ಹಿಂದಿನಿಂದ ಕ್ಲಾಂಪ್ ಬಿಗಿದರೆ ಒಂದೇ ಶರೀರ ಎನ್ನುವ ವಿಶಿಷ್ಟಾದ್ವೈತಿಗಳದೇ ಮಾರ್ಕೆಟ್ಟಿನಲ್ಲಿ ಮೇಲುಗೈ. ಪವರ್ ಪ್ರೆಸ್ಸಿನವರು ಒಂದೇ ಏಟಿಗೆ ಮೋಕ್ಷ ಕೊಡುತ್ತಾರೆ, ನಿಜ. ಐದು ಪ್ಯಾನೆಲ್ಲಿಗೆ ಡೈ ಖರ್ಚು ಯಾರಪ್ಪ ಕೊಡುತ್ತಾನೆ?

ಆಕ್ಷೇಪ: ಚೌಕ ಕೊರೆಯುವ ಡ್ರಿಲ್ ಇಲ್ಲವೇ? ಇದೆ. ರೂಲೋ ತ್ರಿಕೋನದ ಆಕಾರದ್ದು, ತಿರುಗುತ್ತ ತನ್ನ ಕೇಂದ್ರವನ್ನೂ ತಿರುಗಿಸುವಂಥದ್ದು. ಅದೂ ಚೌಕದ ಸುಮಾರು ಶೇಕಡಾ 98.8ರಷ್ಟನ್ನೇ ಕೊರೆದು ಮೂಲೆಗೆ ಬಂದಾಗ ಜಾರಿಕೊಳ್ಳುತ್ತದೆ.

ಇದೇ ದರ್ಶನದ ಎಲೆಕ್ಟ್ರಾನಿಕ್ ಸಿಟಿ ಶಾಖೆಯ ಸರ್ಕ್ಯೂಟ್ ಬೋರ್ಡೂ ಸಾಮಾನ್ಯವಾಗಿ 1.6 ಮಿ.ಮೀ., ಪೀಣ್ಯದ 16 ಗೇಜ್ ತಗಡೂ ಅಷ್ಟೇ ದಪ್ಪ. ಎರಡೂ ಶಾಖೆಗಳ ಮೂಲಪುರುಷ ಒಬ್ಬನೇ ಎನ್ನಲು ಇದಕ್ಕಿಂತ ದುರ್ಬಲವಾದ ಆಧಾರದ ಮೇಲೆ ಪಿಎಚ್.ಡಿ.ಗಳಾಗಿವೆ. ಆದರೆ ಬೋರ್ಡಿನೊಳಗಿನ ಗಾಜಿನ ನಾರು ಅರವನ್ನೇ ತಿಂದುಹಾಕುತ್ತದೆ. ಆದ್ದರಿಂದ ಅಲ್ಲಿ ರೌಟರ್. 2 ಮಿ.ಮೀ. ಬಿಟ್ ಹಾಕಿದರೆ ಒಳಮೂಲೆಯಲ್ಲಿ 1 ಮಿ.ಮೀ. ರೇಡಿಯಸ್ ಖಾಯಂ. ವೈಟ್‌ಫೀಲ್ಡಿನ ಡಿಸೈನರ್ ಮಾತ್ರ ಸ್ಕ್ರೀನಿನ ಮೇಲೆ ಚೂಪು ಮೂಲೆ ಎಳೆದು ಮನೆಗೆ ಹೋಗಿರುತ್ತಾನೆ.

“ಸಾರ್, ಮೂಲೆಗೆ ರೇಡಿಯಸ್ ಕೊಡಿ.”

“ಡ್ರಾಯಿಂಗ್ ಪ್ರಕಾರ ಮಾಡ್ರೀ.”

“ಮಾಡ್ಬೋದು ಸಾರ್. ಚೌಕ ತಿರುಗೋ ಬಿಟ್ ಒಂದು ಕಳ್ಸಿಕೊಡಿ.”

ಉಳಿದದ್ದು ಪ್ರಾಯಶ್ಚಿತ್ತ ಪ್ರಕರಣ. 96ರಲ್ಲಿ 92 ಕಳೆದರೆ ಮಗ್ಗುಲಿಗೆ 2 ಮಿ.ಮೀ. ಮೀಟರಿನ ಅಂಚು ಅಷ್ಟರೊಳಗಿನ ಸಕಲ ಪಾಪಗಳನ್ನೂ ಮುಚ್ಚುತ್ತದೆ. ಸರ್ಕ್ಯೂಟ್ ಬೋರ್ಡಿಗೆ ಅಂಥ ಅಂಚಿಲ್ಲದ್ದರಿಂದ ಎಲೆಕ್ಟ್ರಾನಿಕ್ ಸಿಟಿಯವರು ರಿವಿಷನ್ ‘ಬಿ’ ಹೊರಡಿಸುತ್ತಾರೆ.