ಉತ್ತರಭಾಗದ ಉಪಾಸಕ

ಗುಂಡಿಗಳನ್ನೊತ್ತಿ ಪರದೆಯ ಮೇಲೆ ಯುದ್ಧಮಾಡುವವರನ್ನೆಲ್ಲ ಆಟಗಾರರೆಂಬ ಒಂದೇ ಗುಂಪಿಗೆ ಸೇರಿಸಿಬಿಡುವುದು ಅವಿಚಾರಿಗಳ ಅಭ್ಯಾಸ. ಅವರಲ್ಲಿ ಆಟವನ್ನು ಆಡಿ ಮುಗಿಸಿ, ಕೈತೊಳೆದು ಊಟಕ್ಕೇಳುವ ಸಾಧಾರಣರು ಬಹುಮಂದಿ ಇರುವರೆಂಬುದು ದಿಟವೇ ಆದರೂ, ಅಲ್ಲೊಬ್ಬ ಇಲ್ಲೊಬ್ಬನಾಗಿ ಕಾಣಸಿಗುವ ಮತ್ತೊಂದು ಜಾತಿಯ ಮಹಾಶಯನಿಗೆ ಇಂದು ಆಡುತ್ತಿರುವ ಆಟ ಗೌಣ, ಇನ್ನೂ ಹುಟ್ಟದಿರುವ ಆಟವೇ ಪ್ರಧಾನ. ಪೂರ್ವಭಾಗದ ಕಡೆಯ ದೃಶ್ಯ ಮುಗಿದು, ಅದನ್ನು ನಿರ್ಮಿಸಿದವರ ನಾಮಾವಳಿ ಪರದೆಯ ಮೇಲೆ ಏರತೊಡಗಿದೊಡನೆ ಉಳಿದವರು ಕುರ್ಚಿಯಿಂದೇಳುವರು, ಇವನು ಆಗಲೇ ಕುರ್ಚಿಯನ್ನು ಮುಂದಕ್ಕೆಳೆದುಕೊಂಡು, "ಎರಡನೆಯದು ಎಂದಿಗೆ?" ಎಂದು ಕೇಳುವನು. ಇವನೇ ಉತ್ತರಭಾಗದ ಉಪಾಸಕ.

ನಾನು ಸಮೀಪದಿಂದ ಅವಲೋಕಿಸಿದ ಇಂತಹ ಉಪಾಸಕನೊಬ್ಬನು ಹುಟ್ಟಿನಿಂದ ಮೈಸೂರು ಸೀಮೆಯವನು, ಉದ್ಯೋಗದಿಂದ ಕೆನಡಾ ದೇಶದ ಎಡ್ಮಂಟನ್ ನಗರದವನು. ವರ್ಷದಲ್ಲಿ ಅರ್ಧಭಾಗ ಹಿಮದಡಿಯಲ್ಲಿ ಅಡಗಿರುವ ಆ ನಗರವನ್ನು ಏಕೆ ಆರಿಸಿಕೊಂಡೆ ಎಂದು ಊರಿನವರು ಕೇಳಿದಾಗಲೆಲ್ಲ ಸಂಬಳದ ಮಾತನ್ನೆತ್ತುತ್ತಿದ್ದನಾದರೂ, ನಿಜವಾದ ಕಾರಣ ಬೇರೆಯಿತ್ತು. 'ಮಾಸ್ ಎಫೆಕ್ಟ್' ಎಂಬ ಅಂತರಿಕ್ಷ ಕಥಾನಕದ ಆಟವನ್ನು 2007ರ ನವೆಂಬರಿನಲ್ಲಿ ಲೋಕಕ್ಕಿತ್ತ ಬಯೋವೇರ್ ಸಂಸ್ಥೆಯ ತವರು ಅದೇ ನಗರ. ಕ್ಷೇತ್ರವಾಸಿಗಳಲ್ಲಿ ಸಾಮಾನ್ಯವಾಗಿ ಕಾಣಬರುವ ಒಂದು ಬಗೆಯ ಗತ್ತು ನಮ್ಮವನ ನಡಿಗೆಯಲ್ಲಿಯೂ ಇತ್ತು. ಆ ಸಂಸ್ಥೆಯ ಕಟ್ಟಡದೊಳಕ್ಕೆ ಅವನು ಒಮ್ಮೆಯಾದರೂ ಕಾಲಿಟ್ಟವನಲ್ಲ. ಆದರೆ ಗರ್ಭಗುಡಿಯೊಳಕ್ಕೆ ಹೋಗಲಾಗದೆಂದು ಕಾಶೀವಾಸವನ್ನು ಯಾರಾದರೂ ಬಿಟ್ಟುಕೊಟ್ಟಿರುವರೆ?

ಆ ಸಂಸ್ಥೆಯನ್ನು 1995ರಲ್ಲಿ ಸ್ಥಾಪಿಸಿದವರ ಪೈಕಿ ರೇ ಮುಜೈಕಾ ಮತ್ತು ಗ್ರೆಗ್ ಜೆಸ್ಚುಕ್ ಎಂಬವರು ವೈದ್ಯಶಾಸ್ತ್ರ ಓದಿ ಪದವಿ ಪಡೆದ ವೈದ್ಯರೆಂಬುದನ್ನು ಕೇಳಿದಾಗ ನನಗೆ ಎಷ್ಟೋ ವಿಷಯಗಳು ತಿಳಿಯಾದವು. ಜನರನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿ, ಆಗಾಗ ಬಾಗಿಲನ್ನು ಅರ್ಧ ತೆರೆದು, "ಇನ್ನೇನು, ಆಯಿತು" ಎಂದು ಮುಖ ತೋರಿ, ಮತ್ತೆ ಮುಚ್ಚುವ ಕಲೆಯಲ್ಲಿ ಆ ವೃತ್ತಿಯವರಿಗೆ ಸಮಾನರಿಲ್ಲವಷ್ಟೆ. ಕಥೆ ಮೂರು ಭಾಗಗಳಲ್ಲಿ ನಡೆಯತಕ್ಕದ್ದೆಂದು ಮೊದಲೇ ಸಾರಿದ್ದರಾಗಿ, ನಮ್ಮವನು ಬೆಂಚಿನ ಮೇಲೆ ದೀರ್ಘಕಾಲದ ಸಿದ್ಧತೆಯೊಡನೆಯೇ ಕುಳಿತಿದ್ದನು.

ಆಟದ ವಿಷಯವನ್ನು ಸಂಕ್ಷೇಪವಾಗಿ ಹೇಳಬೇಕು. ಷೆಪರ್ಡ್ ಎಂಬ ದಂಡನಾಯಕನು ನಾರ್ಮಂಡಿ ಎಂಬ ನೌಕೆಯನ್ನೇರಿ, ಮನುಷ್ಯರೂ ಮನುಷ್ಯೇತರರೂ ಕೂಡಿದ ಪರಿವಾರದೊಡನೆ ನಕ್ಷತ್ರಲೋಕಗಳನ್ನು ಸುತ್ತಿ, ಕಲ್ಪಕಲ್ಪಕ್ಕೂ ಬಂದು ನಾಗರಿಕತೆಗಳನ್ನು ಕೊಯ್ದುಕೊಂಡು ಹೋಗುವ ಯಂತ್ರರಾಕ್ಷಸರನ್ನು ತಡೆಯುವನು. ಆ ದಂಡನಾಯಕನು ಗಂಡೋ ಹೆಣ್ಣೋ, ಸಾಧುವೋ ಕ್ರೂರಿಯೋ ಎಂಬುದು ಆಡುವವನ ಇಚ್ಛೆ. ಇಷ್ಟೇ ಆಗಿದ್ದರೆ ನಮ್ಮ ಮಹಾಶಯನಿಗೆ ನಿದ್ರೆ ಕೆಡುತ್ತಿರಲಿಲ್ಲ. ಪೂರ್ವಭಾಗದಲ್ಲಿ ಮಾಡಿದ ನಿರ್ಣಯಗಳನ್ನೆಲ್ಲ ಅದರ 'ಸೇವ್' ಕಡತದ ಮೂಲಕ ಉತ್ತರಭಾಗಕ್ಕೆ ಒಯ್ಯಬಹುದೆಂದೂ, ಅಲ್ಲಿ ಬದುಕಿಸಿದವರು ಇಲ್ಲಿ ಬಂದು ನಮಸ್ಕರಿಸುವರೆಂದೂ, ಅಲ್ಲಿ ಕೊಂದವರ ಬಂಧುಗಳು ಇಲ್ಲಿ ಬಂದು ಶಪಿಸುವರೆಂದೂ ನಿರ್ಮಾಪಕರು ಪ್ರಕಟಿಸಿದ್ದರು. ಸಂಚಿತಕರ್ಮವು ಜನ್ಮಾಂತರದಲ್ಲಿ ಫಲ ಕೊಡುವುದೆಂದು ಅಜ್ಜಿಯ ಬಾಯಿಂದ ಕೇಳಿ ನಕ್ಕಿದ್ದ ಈ ವಿಜ್ಞಾನಪದವೀಧರನು, ಅದೇ ಸಿದ್ಧಾಂತವನ್ನು ಕೆನಡಾದ ಸಂಸ್ಥೆಯೊಂದು ಹೇಳಿದೊಡನೆ ಸಾಷ್ಟಾಂಗವಾಗಿ ಅಂಗೀಕರಿಸಿದನು.

ಅಂದಿನಿಂದ ಅವನ ಪೂರ್ವಭಾಗದ ಆಟವು ವಿನೋದವೆಂಬ ಹೆಸರನ್ನು ಕಳೆದುಕೊಂಡು ಪುಣ್ಯಸಂಪಾದನೆಯ ರೂಪವನ್ನು ತಾಳಿತು. ವಂಶವೇ ನಿರ್ಮೂಲವಾಗಿ ಒಬ್ಬಳೇ ಉಳಿದಿರುವ ರಕ್ನೈ ಎಂಬ ಕೀಟಜಾತಿಯ ರಾಣಿಯನ್ನು ಬಿಡಬೇಕೆ ಕೊಲ್ಲಬೇಕೆ ಎಂಬ ಘಟ್ಟ ಬಂದಾಗ, ಆಟವನ್ನು ನಿಲ್ಲಿಸಿ, ಚಹಾ ಮಾಡಿಕೊಂಡು, ಅದೇ ಮನೆಯಲ್ಲಿದ್ದ ನನ್ನ ಕೋಣೆಯ ಬಾಗಿಲು ತಟ್ಟಿ, "ಶರಣಾಗತಳನ್ನು ಕೊಲ್ಲುವುದು ಧರ್ಮವೆ?" ಎಂದು ಕೇಳಿದನು. ರಾತ್ರಿ ಬಹಳವಾಗಿತ್ತು. ನಾನು ಬಿಡು ಎಂದೆನು. ಆ ಬಿಡುವಿಕೆ ರಾಣಿಗೋ ಆಟಕ್ಕೋ ಎಂಬುದನ್ನು ಅವನು ವಿಚಾರಿಸಲಿಲ್ಲ. ವರ್ಮೈರ್ ಎಂಬ ಗ್ರಹದಲ್ಲಿ ಇಬ್ಬರು ಸಂಗಡಿಗರಲ್ಲಿ ಒಬ್ಬರನ್ನು ಮಾತ್ರ ಉಳಿಸಿಕೊಳ್ಳಬಹುದಾದ ಸಂದರ್ಭದಲ್ಲಂತೂ ಅವನು ಎರಡು ದಿನ ಮೌನಿಯಾಗಿದ್ದುದನ್ನು ಕಂಡು, ಊರಿನಿಂದ ಏನಾದರೂ ಅಶುಭವಾರ್ತೆ ಬಂದಿರಬಹುದೆಂದು ಮನೆಯವರೆಲ್ಲ ಭಾವಿಸಿದ್ದೆವು. ಕೊನೆಗೆ ಸಾಧುವೊಬ್ಬ, ಕ್ರೂರಿಯೊಬ್ಬ, ಜೆನಿಫರ್ ಹೇಲ್ ಎಂಬ ನಟಿಯ ಕಂಠವುಳ್ಳ ವೀರನಾರಿಯೊಬ್ಬಳು, ಹೀಗೆ ಮೂವರು ಷೆಪರ್ಡರ ಕರ್ಮಸಂಚಯಗಳು ಸಿದ್ಧವಾಗಿ, ಪ್ರತಿಗಳ ಸಮೇತ ಮೇಜಿನ ಸೆಳೆಖಾನೆಯೊಳಗೆ ಪಾಸ್‌ಪೋರ್ಟಿನ ಪಕ್ಕದಲ್ಲಿ ಸ್ಥಾಪಿತವಾದವು.

2009ರ ಆರಂಭದಲ್ಲಿ ಉತ್ತರಭಾಗದ ಮೊದಲ ಕಿರುಚಿತ್ರ ಹೊರಬಂದಿತು. ಅದರಲ್ಲಿ ಷೆಪರ್ಡನು ಕರ್ತವ್ಯದಲ್ಲಿದ್ದಾಗಲೇ ಹತನಾದನೆಂಬ ಬರಹ ಪರದೆಯ ಮೇಲೆ ಮೂಡಿತು; ಜೊತೆಗೆ ಅವನ ಕವಚದ ತುಂಡೊಂದನ್ನು ತೊಟ್ಟ ಯಂತ್ರಮಾನವನೊಬ್ಬನು ಕಾಣಿಸಿಕೊಂಡನು. ಆ ಸಂಜೆ ತಾಯಿಯವರು ಎಂದಿನಂತೆ ಮೈಸೂರಿನಿಂದ ಫೋನು ಮಾಡಿದಾಗ ಮಗನ ಧ್ವನಿ ಕುಗ್ಗಿದ್ದುದನ್ನು ಗಮನಿಸಿ, ಏನಾಯಿತೆಂದು ವಿಚಾರಿಸಿದರು. "ಷೆಪರ್ಡ್ ಹೋಗಿಬಿಟ್ಟನಂತೆ" ಎಂದನಿವನು. ಆಕೆ ಕೆಲಸದ ಕಡೆಯ ಮೇಲಧಿಕಾರಿಯೆಂದು ತಿಳಿದು, "ಅಯ್ಯೋ, ಮಕ್ಕಳೆಷ್ಟು?" ಎಂದು ಕೇಳಿದರು. ಅದಾದ ಮೇಲಿನ ತಿಂಗಳುಗಳಲ್ಲಿ ಅವನು ಆ ಒಂದು ನಿಮಿಷದಷ್ಟರ ಚಿತ್ರಕ್ಕೆ ರಚಿಸಿದ ವಾಚಿಕ ಭಾಷ್ಯವನ್ನು ಬರೆದಿಟ್ಟಿದ್ದರೆ ಅದು ಮೂರು ಸಂಪುಟಗಳಾಗುತ್ತಿದ್ದಿತು. ಪೂರ್ವಪಕ್ಷದಲ್ಲಿ ಮರಣವನ್ನು ಮಂಡಿಸಿ, ಸಿದ್ಧಾಂತಪಕ್ಷದಲ್ಲಿ ಅದನ್ನು ಖಂಡಿಸಿ, ನಾಯಕನಿಲ್ಲದೆ ಉತ್ತರಭಾಗವಿಲ್ಲ, ಉತ್ತರಭಾಗವಿಲ್ಲದೆ ಸೇವ್ ಕಡತಕ್ಕೆ ಅರ್ಥವಿಲ್ಲ, ಸೇವ್ ಕಡತ ನನ್ನ ಸೆಳೆಖಾನೆಯಲ್ಲಿದೆ, ಆದಕಾರಣ ಷೆಪರ್ಡ್ ಜೀವಂತನು ಎಂದು ಸ್ಥಾಪಿಸಿದನು. ನೈಯಾಯಿಕರು ಈ ಅನುಮಾನದಲ್ಲಿ ದೋಷ ಹುಡುಕಬಹುದು. ಹಂಚಿಕೊಂಡ ಅಡುಗೆಮನೆಯಲ್ಲಿ ಅವನೊಡನೆ ತಿಂಡಿ ತಿನ್ನಬೇಕಾಗಿದ್ದ ನಾವು ಹುಡುಕಲಿಲ್ಲ.

ಬಿಡುಗಡೆಯ ದಿನ 2010ರ ಜನವರಿ 26. "ಅನಿವಾರ್ಯ ಗೃಹಕೃತ್ಯ" ಎಂದು ಕಾರಣ ಬರೆದು ರಜೆ ಪಡೆದು, ಕಣ್ಣು ಮೂಗುಗಳ ವಿನಾ ಶರೀರದ ಯಾವ ಭಾಗವೂ ಕಾಣದಂತೆ ಉಣ್ಣೆಯಲ್ಲಿ ಸುತ್ತಿಕೊಂಡು, ಅಂಗಡಿಯ ಬಾಗಿಲಲ್ಲಿ ತನ್ನಂತೆಯೇ ಸುತ್ತಿಕೊಂಡಿದ್ದ ಮೂಟೆಗಳ ಸಾಲಿನಲ್ಲಿ ಮಧ್ಯರಾತ್ರಿ ನಿಂತು, ಆ ಹಿಮದಲ್ಲಿಯೂ ಮುಖವರಳಿಸಿಕೊಂಡು ಅವನು ಪೆಟ್ಟಿಗೆಯೊಡನೆ ಹಿಂದಿರುಗಿದನು. ಒಳಗೆ ಡಿಸ್ಕುಗಳು ಎರಡಿದ್ದವು. "ನೋಡಿದಿರಾ, ಒಂದರಲ್ಲಿ ಹಿಡಿಸಲಿಲ್ಲ!" ಎಂದು ತಾನೇ ಹೆತ್ತವನಂತೆ ಹೆಮ್ಮೆಪಟ್ಟನು.

ಆಟ ತೊಡಗಿದ ಕೆಲವೇ ನಿಮಿಷಗಳಲ್ಲಿ ನಾರ್ಮಂಡಿ ಒಡೆದು ಚೂರಾಗಿ, ಷೆಪರ್ಡನು ಶೂನ್ಯಾಕಾಶದಲ್ಲಿ ಉಸಿರು ಕಟ್ಟಿ ನಿಜವಾಗಿಯೇ ಮೃತನಾದನು. ಅನಂತರ, ಪೂರ್ವಭಾಗದಲ್ಲಿ ಶತ್ರುಪಕ್ಷವಾಗಿದ್ದ ಸರ್ಬರಸ್ ಎಂಬ ಗೂಢಸಂಸ್ಥೆಯು ಎರಡು ವರ್ಷ ಶ್ರಮಿಸಿ ಅವನನ್ನು ಪುನಃ ಕಟ್ಟಿ ಎಬ್ಬಿಸಿತು. ನಿರ್ಮಾಪಕರ ಮಾತೂ ದಿಟ, ಭಾಷ್ಯಕಾರನ ಮಾತೂ ದಿಟ. ಅವನು ಎರಡನೆಯ ಅರ್ಧವನ್ನು ಮಾತ್ರ ಗಣನೆಗೆ ತಂದುಕೊಂಡು, "ನಾನು ಹೇಳಿರಲಿಲ್ಲವೆ?" ಎಂದನು. ಆ ಗೂಢಸಂಸ್ಥೆಯ ಯಜಮಾನನಿಗೆ ಮಾರ್ಟಿನ್ ಶೀನ್ ಎಂಬ ಪ್ರಖ್ಯಾತ ನಟನು ಕಂಠದಾನ ಮಾಡಿರುವನೆಂದು ಅದೇ ಉಸಿರಿನಲ್ಲಿ ನಮಗೆ ತಿಳಿಸಿ, ನಾವು ವಿಸ್ಮಿತರಾಗದುದಕ್ಕೆ ವಿಸ್ಮಿತನಾದನು.

ಇಲ್ಲಿಂದ ಮುಂದಿನದು ಪ್ರಥಮಾಭಿಪ್ರಾಯಗಳ ಪರ್ವ. ಮದುವೆಗೆ ಬಂದ ಗಂಡಿನ ಕಡೆಯ ಹಿರಿಯನೊಬ್ಬನು ಎಲೆಯ ಮುಂದೆ ಕುಳಿತು, ಹದಿನಾರು ಬಗೆಯ ಭಕ್ಷ್ಯಗಳನ್ನೂ ಸಾವಧಾನವಾಗಿ ಸವಿದು ಮುಗಿಸುತ್ತಲೇ ಕೋಸಂಬರಿಯ ಉಪ್ಪಿನ ವಿಷಯವಾಗಿ ಆಕ್ಷೇಪವೆತ್ತುವಂತೆ, ನಮ್ಮವನು ಒಂದು ಕ್ಷಣವೂ ಕೈ ಬಿಡದೆ ಆಡುತ್ತ ಒಂದು ಕ್ಷಣವೂ ಬಾಯಿ ಮುಚ್ಚದೆ ದೂರುತ್ತಿದ್ದನು. ಲಿಫ್ಟುಗಳ ವಿಚಾರವನ್ನೇ ನೋಡಿ. ಪೂರ್ವಭಾಗದಲ್ಲಿ, ಮುಂದಿನ ಸ್ಥಳವನ್ನು ಯಂತ್ರವು ಸಿದ್ಧಪಡಿಸಿಕೊಳ್ಳುವುದನ್ನು ಮರೆಮಾಚುವುದಕ್ಕಾಗಿ ದಂಡನಾಯಕನನ್ನು ಲಿಫ್ಟಿನಲ್ಲಿ ನಿಲ್ಲಿಸಿಬಿಡುತ್ತಿದ್ದರು. ಅದು ಆಮೆಯ ವೇಗದಲ್ಲಿ ಏರುವಷ್ಟರಲ್ಲಿ ಸಂಗಡಿಗರು ತಮ್ಮತಮ್ಮೊಳಗೆ ಲೋಕಾಭಿರಾಮವಾಗಿ ಮಾತಾಡುವರು. ಬ್ರಹ್ಮಾಂಡವನ್ನುಳಿಸಲು ಹೊರಟವನನ್ನು ಲಿಫ್ಟಿನಲ್ಲಿ ಕೊಳೆಹಾಕುವುದೇ ಎಂದು ಎರಡು ವರ್ಷಕಾಲ ಗುಡುಗಿದವನು ಇವನೇ. ಉತ್ತರಭಾಗದಲ್ಲಿ ಅವುಗಳನ್ನು ತೆಗೆದುಹಾಕಿ, ನಕಾಶೆಯಂತಹ ಚಲಚ್ಚಿತ್ರವೊಂದನ್ನು ತೋರಿಸಿ ಕಾಯಿಸುವ ಏರ್ಪಾಟು ಮಾಡಿದ್ದುದನ್ನು ಕಂಡು ಇವನ ಕಣ್ಣು ತೇವವಾಯಿತು. "ಆ ಲಿಫ್ಟುಗಳಲ್ಲಿ ಒಂದು ಆತ್ಮೀಯತೆ ಇತ್ತು" ಎಂದನು.

ಸಾಮಾನುಚೀಲದ ಗತಿಯೂ ಅದೇ. ಅದರಲ್ಲಿ ನೂರೈವತ್ತು ವಸ್ತುಗಳಿಗಿಂತ ಹೆಚ್ಚು ಹಿಡಿಯುವುದಿಲ್ಲವೆಂದು ಅಂದು ಶಪಿಸಿದವನು, ಚೀಲವನ್ನೇ ರದ್ದುಮಾಡಿದ ಇಂದು ನಿರಾಶ್ರಿತನಂತೆ ಶೋಕಿಸಿದನು. ಬಂದೂಕುಗಳ ವಿಷಯದಲ್ಲಿ ಮಾತ್ರ ಅವನ ಆಕ್ಷೇಪಕ್ಕೆ ಸ್ವಲ್ಪ ತಿರುಳಿತ್ತೆಂದು ಒಪ್ಪಬೇಕು: ಪೂರ್ವಭಾಗದ ಬಂದೂಕಿಗೆ ಗುಂಡು ತೀರುವ ಭಯವಿಲ್ಲ, ಬಿಸಿಯೇರಿದರೆ ತಣಿಯುವವರೆಗೆ ತಾಳಿದರಾಯಿತು, ಉತ್ತರಭಾಗದ್ದಕ್ಕೆ ಶಾಖ ಹೀರುವ ಬಿಲ್ಲೆಗಳನ್ನು ಸತ್ತ ವೈರಿಗಳ ನಡುವೆ ಆಯ್ದು ಆಯ್ದು ತುಂಬಬೇಕು. "ನಾಯಕನು ಎರಡು ವರ್ಷ ಸತ್ತಿದ್ದುದರಿಂದ ಇಡೀ ನಕ್ಷತ್ರಮಂಡಲದ ಶಸ್ತ್ರವಿದ್ಯೆ ಹಿಮ್ಮುಖವಾಗಿ ನಡೆಯಿತೆ?" ಎಂಬ ಅವನ ಪ್ರಶ್ನೆಗೆ ನಮ್ಮಲ್ಲಿ ಯಾರಲ್ಲಿಯೂ ಉತ್ತರವಿರಲಿಲ್ಲ. ಮಾಕೋ ಎಂಬ ಆರು ಚಕ್ರದ ರಥವು ಬೆಟ್ಟಗಳ ಮೇಲೆ ಕುಪ್ಪಳಿಸಿ ಪಲ್ಟಿಹೊಡೆಯುತ್ತಿದ್ದುದನ್ನು ತೆಗೆದು, ಅದಕ್ಕೆ ಬದಲಾಗಿ ನೌಕೆಯಲ್ಲಿ ಕುಳಿತು ಗ್ರಹದ ಮೈಯನ್ನು ಅಂಗುಲ ಅಂಗುಲವಾಗಿ ಶೋಧಿಸಿ, ಪಲ್ಲಾಡಿಯಮ್ಮು ಪ್ಲಾಟಿನಮ್ಮು ಇರಿಡಿಯಮ್ಮುಗಳಿರುವ ಕಡೆ ಶೋಧಕವನ್ನೆಸೆಯುವ ಉದ್ಯೋಗವನ್ನು ಕೊಟ್ಟಿದ್ದರು. ಇಷ್ಟು ನೀರಸವಾದ ಕೆಲಸವನ್ನು ಸರ್ಕಾರಿ ಭೂಗರ್ಭ ಇಲಾಖೆಯೂ ಮಾಡಿಸಲಾರದೆಂದು ಬೈಯುತ್ತ, ಬೆಳಗಿನ ಜಾವದವರೆಗೂ ಎಚ್ಚರವಾಗಿದ್ದು, ಒಂದು ಸೌರವ್ಯೂಹದಲ್ಲಿ ಒಂದು ಗ್ರಹವನ್ನೂ ಬಿಡದೆ ಬರಿದುಮಾಡಿದನು. ಮಾರ್ಡಿನ್ ಸೋಲಸ್ ಎಂಬ ಅನ್ಯಲೋಕದ ವಿಜ್ಞಾನಿಯು ಇದ್ದಕ್ಕಿದ್ದಂತೆ ದ್ರುತಗತಿಯಲ್ಲಿ ಹಾಸ್ಯಗೀತೆಯೊಂದನ್ನು ಹಾಡಿದಾಗ ಮಾತ್ರ ಅವನು ಎಲ್ಲ ದೂರುಗಳನ್ನೂ ಮರೆತು ಘೊಳ್ಳೆಂದು ನಕ್ಕು, ನಾವು ನೋಡುತ್ತಿರುವೆವೆಂದು ನೆನಪಾಗಿ ಮುಖವನ್ನು ಬಿಗಿಹಿಡಿದನು.

ಹೀಗಿರುವಲ್ಲಿ, ಮೂರನೆಯ ದಿನವೋ ನಾಲ್ಕನೆಯ ದಿನವೋ, ಇಲಿಯಮ್ ಎಂಬ ಗ್ರಹದ ಪಾನಶಾಲೆಯೊಂದರಲ್ಲಿ ಆ ಅನರ್ಥ ಸಂಭವಿಸಿತು. ಕಾನ್ರಾಡ್ ವರ್ನರ್ ಎಂಬೊಂದು ಪಾತ್ರವುಂಟು. ಪೂರ್ವಭಾಗದಲ್ಲಿ ಇವನು ಷೆಪರ್ಡನ ಅಂಧಾಭಿಮಾನಿ: ಮೊದಲು ಹಸ್ತಾಕ್ಷರ ಬೇಡುವನು, ಬಳಿಕ ಭಾವಚಿತ್ರ ಬೇಡುವನು, ಕಡೆಗೆ ತನ್ನನ್ನೂ ವೀರರ ದಳಕ್ಕೆ ಸೇರಿಸಿಕೊಳ್ಳಬೇಕೆಂದು ದುಂಬಾಲು ಬೀಳುವನು. ಆಗ ಸಾಧುವಾದ ದಂಡನಾಯಕನು ಬುದ್ಧಿಹೇಳಿ ಹೆಂಡತಿಯ ಬಳಿಗೆ ಕಳುಹಿಸಬಹುದು. ಕ್ರೂರಿಯು ವೀರರ ಬಾಳೆಂದರೇನೆಂದು ತಿಳಿಸಲು ಮುಖಕ್ಕೇ ಪಿಸ್ತೂಲು ಹಿಡಿಯಬಹುದು. ನಮ್ಮವನ ಸಾಧು ಷೆಪರ್ಡನು ಎಷ್ಟು ಮೃದುವಾಗಿ ಬುದ್ಧಿಹೇಳಿದ್ದನೆಂದರೆ, ಆ ಸಂಭಾಷಣೆಯನ್ನು ಅವನು ನಮಗೆ ಊಟದ ಸಮಯದಲ್ಲಿ ಅಭಿನಯಿಸಿ ತೋರಿಸಿದ್ದನು. ಈಗ ಪಾನಶಾಲೆಯಲ್ಲಿ ಷೆಪರ್ಡನದನ್ನೇ ಹೋಲುವ ಕವಚ ತೊಟ್ಟು ನಿಂತಿದ್ದ ಕಾನ್ರಾಡನು ತನ್ನ ಆರಾಧ್ಯದೈವವನ್ನು ಕಂಡೊಡನೆ, ಅಂದು ನೀವು ನನ್ನ ಮುಖಕ್ಕೆ ಪಿಸ್ತೂಲು ಹಿಡಿದಿರಿ ಎಂಬ ಅಭಿಪ್ರಾಯದ ಮಾತಾಡಿದನು.

ನಮ್ಮವನ ಕೈಯಿಂದ ನಿಯಂತ್ರಕ ಜಾರಿತು. ಆಟದ ಲೆಕ್ಕದಲ್ಲಿಯೇ ಒಂದು ದೋಷವುಳಿದು, ಅಂದು ಯಾರು ಹೇಗೆ ವರ್ತಿಸಿದ್ದರೂ ಕಾನ್ರಾಡನು ಎಲ್ಲರಿಗೂ ಇದೇ ಮಾತನ್ನು ಹೇಳುವನೆಂಬುದು ಅನಂತರ ಲೋಕಪ್ರಸಿದ್ಧವಾಯಿತು. ಮಾಡದ ಕರ್ಮದ ಫಲ ಬಂದೊದಗುವುದಕ್ಕೆ ನಮ್ಮ ದಾರ್ಶನಿಕರು ಅಕೃತಾಭ್ಯಾಗಮವೆಂದು ಹೆಸರಿಟ್ಟು, ಈಶ್ವರನ ಸೃಷ್ಟಿಯಲ್ಲಿ ಅದಕ್ಕೆ ಎಡೆಯಿಲ್ಲವೆಂದು ವಾದಿಸಿರುವರು. ಎಡ್ಮಂಟನ್ನಿನ ಸೃಷ್ಟಿಯ ವಿಷಯವಾಗಿ ಅವರು ಏನೂ ಹೇಳಿಲ್ಲ. ಆದರೆ ಆ ರಾತ್ರಿ ಇದಾವುದೂ ತಿಳಿಯದ ನಮ್ಮವನು ಸೆಳೆಖಾನೆಯನ್ನು ತೆರೆದು, ಪಾಸ್‌ಪೋರ್ಟನ್ನು ಅತ್ತ ಸರಿಸಿ, ಹಳೆಯ ಕಡತವನ್ನು ತೆಗೆದು, ಪೂರ್ವಭಾಗವನ್ನು ಮತ್ತೆ ಹಾಕಿ, ತನ್ನ ನಡತೆಯನ್ನು ಪರಿಶೀಲಿಸಲು ಕುಳಿತನು. ನಿಷ್ಕಳಂಕ! ಪುನಃ ಉತ್ತರಭಾಗವನ್ನು ಹಾಕಿದನು. ಪುನಃ ಅದೇ ಆರೋಪ. ವೀರನಾರಿಯ ಕಡತದಿಂದ ಪ್ರವೇಶಿಸಿದನು. ಆಕೆಗೂ ಅದೇ ಆರೋಪ. ರಾಣಿಯನ್ನು ಉಳಿಸಿದುದು ಜ್ಞಾಪಕವಿದೆ, ಆ ಲೋಕಗಳನ್ನಾಳುವ ಮಂಡಲಿಯನ್ನು ಕಾಪಾಡಿದುದು ಜ್ಞಾಪಕವಿದೆ, ಗೆಳೆಯರೆಲ್ಲ ಗುರುತು ಹಿಡಿದು ಅಪ್ಪಿಕೊಳ್ಳುವರು. ಅವನಷ್ಟೇ ತನ್ಮಯತೆಯಿಂದ ಷೆಪರ್ಡನನ್ನು ಆರಾಧಿಸುವ ಈ ಒಬ್ಬನು ಮಾತ್ರ ಹೀಗೆನ್ನಬೇಕೆ!

ರಜೆ ಮುಗಿಯಲು ಇನ್ನೂ ದಿನಗಳಿದ್ದವು. ಉತ್ತರಭಾಗದ ಕೊನೆಯಲ್ಲಿ ಷೆಪರ್ಡನು ಪರಿವಾರಸಮೇತನಾಗಿ ಮರಳಿಬಾರದ ದಂಡಯಾತ್ರೆಗೆ ಹೊರಡುವನೆಂದೂ, ಎಚ್ಚರದಪ್ಪಿದರೆ ಶಾಶ್ವತವಾಗಿಯೇ ಸಾಯುವನೆಂದೂ ಬಲ್ಲವರು ಹೇಳುತ್ತಿದ್ದರು. ಎರಡು ವರ್ಷ ಕಾದಿದ್ದು ಅದಕ್ಕಾಗಿಯೇ. ಅದನ್ನೆಲ್ಲ ಬದಿಗಿಟ್ಟು ಅವನು ಪೂರ್ವಭಾಗವನ್ನು ಮೊದಲ ಅಕ್ಷರದಿಂದ ಮತ್ತೊಮ್ಮೆ ಆರಂಭಿಸಿದನು. ಹೊಸ ಆಟ ಬಂದು ವಾರವೂ ಆಗಿಲ್ಲ, ಹಳೆಯದನ್ನೇಕೆ ಆಡುತ್ತಿರುವೆ ಎಂದು ನಾನು ಕೇಳಿದುದಕ್ಕೆ ಉತ್ತರ ಕೊಡಲಿಲ್ಲ. ಮೂವತ್ತು ಗಂಟೆಗಳಿಗೆ ಸಮೀಪವಾದ ಆ ಆಟದಲ್ಲಿ ಮೊದಲಿನಂತೆಯೇ ದೀನರಿಗೆ ನೆರವಾದನು, ಶರಣಾಗತರನ್ನು ಪೊರೆದನು, ವಾಗ್ವಾದಗಳಲ್ಲಿ ಸೌಮ್ಯವಾದ ಮಾತನ್ನೇ ಆರಿಸಿದನು. ಕಾನ್ರಾಡ್ ವರ್ನರನು ಮೂರನೆಯ ಬಾರಿ ಎದುರಾಗಿ ತನ್ನ ಬೇಡಿಕೆಯನ್ನು ಮುಂದಿಟ್ಟಾಗ ಮಾತ್ರ, ಸುತ್ತ ನಾವು ನಿಂತಿರುವುದನ್ನು ಖಚಿತಪಡಿಸಿಕೊಂಡು, ನ್ಯಾಯಾಲಯದಲ್ಲಿ ರುಜು ಹಾಕುವವನ ಗಾಂಭೀರ್ಯದಿಂದ ಗುಂಡಿಯನ್ನೊತ್ತಿ, ಅವನ ಮುಖಕ್ಕೆ ಪಿಸ್ತೂಲು ಹಿಡಿದನು.

"ಇನ್ನು ಅವನು ಏನು ಬೇಕಾದರೂ ಹೇಳಿಕೊಳ್ಳಲಿ" ಎಂದನು. "ಸುಳ್ಳನೆಂಬ ಅಪವಾದ ಪಾಪ ಅವನಿಗೇಕೆ?"