ಕಲಂಗುಟ್ ಸಿದ್ಧಾಂತ

ಸಾಫ್ಟ್‌ವೇರ್ ಬರೆಯುವಾಗ ಸರಿಯಾದ ತೀರ್ಮಾನ ತೆಗೆದುಕೊಳ್ಳುವುದು ಹೇಗೆ? ಬೆಂಗಳೂರಲ್ಲಿ ಕೂತರೆ ಹೊಳೆಯುವುದಿಲ್ಲವಂತೆ. ಅದಕ್ಕೇ ನಮ್ಮ ಕಂಪನಿ ನಲವತ್ತು ಜನರನ್ನು ಸ್ಲೀಪರ್ ಬಸ್ಸಿಗೆ ತುಂಬಿ, ಅನಮೋಡ ಘಾಟಿ ಇಳಿಸಿ, ಗೋವಾದ ಕಲಂಗುಟ್‌ಗೆ ಒಯ್ದಿತು. ಜುಲೈ ತಿಂಗಳು. ಮಳೆಗಾಲಕ್ಕೆ ರೂಮು ಅಗ್ಗ. ಜ್ಞಾನಕ್ಕೂ ಆಫ್ ಸೀಸನ್ ಉಂಟು.

ಮೊದಲ ಸೂತ್ರ, ಸರಳವಾಗಿರಲಿ. ಅದನ್ನು ಹೇಳಲು 64 ಸ್ಲೈಡು.

ಇವತ್ತು ಬೇಡದ್ದನ್ನು ಇವತ್ತು ಬರೆಯಬೇಡಿ ಅಂದರು. ಎಲ್ಲರೂ ತಲೆಯಾಡಿಸಿದೆವು. ಊಟ ಮುಗಿಸಿ ಬಂದು, ನಮ್ಮದೇ ರಜೆ ಅರ್ಜಿಯ ಆ್ಯಪನ್ನು ಹನ್ನೊಂದು ಮೈಕ್ರೋಸರ್ವಿಸ್‌ಗಳಾಗಿ, ಅಂದರೆ ಬಿಡಿಬಿಡಿ ಪುಟ್ಟ ಪ್ರೋಗ್ರಾಮುಗಳಾಗಿ, ಒಡೆಯುವುದೆಂದು ಠರಾಯಿಸಿದೆವು. ನೆಟ್‌ಫ್ಲಿಕ್ಸ್ ಹಾಗೇ ಮಾಡಿದೆಯಂತೆ. ನೆಟ್‌ಫ್ಲಿಕ್ಸ್ ನೋಡುವವರು ಕೋಟಿಗಟ್ಟಲೆ. ನಮ್ಮಲ್ಲಿ ರಜೆ ಕೇಳುವವರು ಇನ್ನೂರು, ಕೊಡುವವ ಒಬ್ಬ. ಅವನೂ ಕೊಡುವುದಿಲ್ಲ.

ರೆಸಾರ್ಟಿನಲ್ಲಿ ಕೂತು ತತ್ವ ಹೇಳುವುದು ಹೊಸತಲ್ಲ ಬಿಡಿ. 2001ರ ಫೆಬ್ರವರಿಯಲ್ಲಿ ಅಮೆರಿಕದ ಯೂಟಾದಲ್ಲಿ, ಸ್ನೋಬರ್ಡ್ ಎಂಬ ಹಿಮದ ರೆಸಾರ್ಟಿನಲ್ಲಿ, 17 ಮಂದಿ ಸೇರಿ ಸಾಫ್ಟ್‌ವೇರ್ ಕಟ್ಟುವ ಬಗೆ ಕುರಿತು ಅಜೈಲ್ ಪ್ರಣಾಳಿಕೆ ಬರೆದರು. ನಿಯಮ, ಸಲಕರಣೆಗಳಿಗಿಂತ ಮನುಷ್ಯರ ಮಾತುಕತೆ ದೊಡ್ಡದು ಎಂಬುದೇ ಅದರ ಮೊದಲ ತಿರುಳು. ಅದೇ ಅಜೈಲ್ ಹೆಸರಲ್ಲಿ ನಾವು ದಿನಾ ಹದಿನೈದು ನಿಮಿಷದ ಸ್ಟ್ಯಾಂಡಪ್ ಸಭೆಗೆ ಮುಕ್ಕಾಲು ಗಂಟೆ ನಿಲ್ಲುತ್ತೇವೆ. ಆಡಿದ್ದನ್ನೆಲ್ಲ ಮತ್ತೆ ಜಿರಾ ಎಂಬ ಸಲಕರಣೆಯಲ್ಲಿ ತುಂಬುತ್ತೇವೆ.

ಸಂಜೆ ಸುತ್ತಾಡಲು ಟ್ಯಾಕ್ಸಿ ಬೇಕಿತ್ತು. ಓಲಾ, ಊಬರ್ ಗೋವಾದಲ್ಲಿ ಓಡುವುದಿಲ್ಲ. 2018ರಲ್ಲಿ ಅಲ್ಲಿನ ಪ್ರವಾಸೋದ್ಯಮ ನಿಗಮವೇ ಗೋವಾಮೈಲ್ಸ್ ಆ್ಯಪ್ ತಂದಾಗಲೂ ಟ್ಯಾಕ್ಸಿಯವರು ಸಿಡಿದೆದ್ದರು. ಆ್ಯಪನ್ನು ಒಪ್ಪಬೇಕಾದದ್ದು ಟ್ಯಾಕ್ಸಿ ಸ್ಟ್ಯಾಂಡು, ಸರ್ವರ್ ಅಲ್ಲ. 'ಬಳಕೆದಾರನೇ ದೇವರು' ಎಂಬ ಸ್ಲೈಡು ತೋರಿಸಿದ್ದ ನಮ್ಮ ಪ್ರಾಡಕ್ಟ್ ಮ್ಯಾನೇಜರು ಮಳೆಯಲ್ಲಿ ನೆನೆಯುತ್ತಾ ಅಂದರು, "ಇವರಿಗೆ ಟೆಕ್ನಾಲಜಿನೇ ಗೊತ್ತಿಲ್ಲ!"

ದಂಡೆಯಲ್ಲಿ ಕೆಂಪು ಬಾವುಟ ನೆಟ್ಟಿದ್ದರು. ನೀರಿಗಿಳಿದ ಡೈರೆಕ್ಟರು ಜೀವರಕ್ಷಕ ಸೀಟಿ ಊದಿದ್ದೇ ತೆಪ್ಪಗೆ ದಡಕ್ಕೆ ಬಂದರು. ನಮ್ಮ ಕಸುಬಿನಲ್ಲೂ ಬಾವುಟ ನೆಟ್ಟವರಿದ್ದಾರೆ. ಐಬಿಎಂನಲ್ಲಿ ಓಎಸ್/360 ಎಂಬ ಆಪರೇಟಿಂಗ್ ಸಿಸ್ಟಮ್ ಕಟ್ಟಿಸಿ ಪಾಡುಪಟ್ಟ ಫ್ರೆಡ್ ಬ್ರೂಕ್ಸ್, ತಡವಾದ ಕೆಲಸಕ್ಕೆ ಹೊಸ ಜನ ತುಂಬಿದರೆ ಇನ್ನಷ್ಟು ತಡವಾಗುತ್ತದೆಂದು 1975ರಲ್ಲೇ ಬರೆದಿಟ್ಟ. ಆ ಪುಸ್ತಕ ಡೈರೆಕ್ಟರ ಕಪಾಟಿನಲ್ಲಿದೆ. ಅವರ ತೀರ್ಮಾನ: ತಡವಾದ ಪ್ರಾಜೆಕ್ಟಿಗೆ ಇನ್ನೂ ಎಂಟು ಫ್ರೆಷರ್‌ಗಳು. ಮುಗಿಸುವ ತಾರೀಕೋ, ಸೇಲ್ಸಿನವರು ಮಾರ್ಚಿನಲ್ಲೇ ಗಿರಾಕಿಗೆ ಮಾತು ಕೊಟ್ಟಾಗಿದೆ.

ಕಿರಿಯನೊಬ್ಬ ಹಳೇ ಕೋಡ್ ತೆಗೆಯೋಣ ಎಂದ. ಅಮೆರಿಕದ ಷೇರು ವಹಿವಾಟಿನ ಕಂಪನಿ ನೈಟ್ ಕ್ಯಾಪಿಟಲ್‌ನ ಕಥೆ ಹೇಳಿದ. 2012ರ ಆಗಸ್ಟ್ 1ರಂದು, ಸರ್ವರಿನಲ್ಲಿ ಉಳಿದಿದ್ದ ಸತ್ತ ಕೋಡ್ ಎದ್ದು ಕೂತು ಮುಕ್ಕಾಲು ಗಂಟೆಯಲ್ಲಿ ಸುಮಾರು 44 ಕೋಟಿ ಡಾಲರ್ ನುಂಗಿತ್ತು. ಸಿಕ್ಕ ಉತ್ತರ: "ಓಡ್ತಾ ಇದೆಯಲ್ಲ, ಮುಟ್ಟಬೇಡ."

ಸೋಮವಾರ ಆಫೀಸಿಗೆ ಬಂದರೆ, ನಲವತ್ತೂ ಜನರಿಗೆ ಮೂರು ದಿನದ ರಜೆ ಕಡಿತ. ರಜೆ ಆ್ಯಪಿನ ಲೆಕ್ಕದಲ್ಲಿ ನಾವು ಕೆಲಸ ಮಾಡಿರಲಿಲ್ಲ. ಅದು ಹೇಳಿದ ಏಕೈಕ ಸತ್ಯ. ದೂರಿನ ಟಿಕೆಟ್ ಹಾಕಿದೆವು. ಮುಂದಿನ ಕ್ವಾರ್ಟರಿಗೆ ನೋಡುತ್ತಾರಂತೆ. ಅಲ್ಲಿಯವರೆಗೆ ಎಚ್‌ಆರ್‌ನವರು ಇನ್ನೂರು ಪುಟದ ನೋಟ್‌ಬುಕ್ ತರಿಸಿ, ಗೆರೆ ಎಳೆದು, ರಜೆ ಬರೆದುಕೊಳ್ಳುತ್ತಿದ್ದಾರೆ.